ಬಾಸ್ಕೆಟ್‌ಬಾಲಿಗೆ ನಾನು ಆಳು ಆರಿಸಿದ್ದು

ಎತ್ತರವಾಗಿ ಬೆಳೆದವರಿಗೆ ಎಲ್ಲ ಆಟವೂ ಗೊತ್ತಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗಿನ್ನೂ ತಿಳಿದಿಲ್ಲ. ನಾನು ಆರಡಿ ಎರಡಂಗುಲ. ಇದರಿಂದ ನನಗಾದ ಲಾಭವೆಂದರೆ ಮದುವೆಮನೆಗಳಲ್ಲಿ ತೋರಣ ಕಟ್ಟುವ ಕೆಲಸ ತಪ್ಪದೆ ಸಿಗುವುದು. ಬಾಸ್ಕೆಟ್‌ಬಾಲನ್ನು ಒಂದು ದಿನವೂ ಆಡಿದವನಲ್ಲ. ಆದರೂ ಎಂಬತ್ತರ ದಶಕದ ಕೊನೆಯಲ್ಲಿ, ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆದುಕೊಂಡು ಸುಖವಾಗಿದ್ದ ನನ್ನನ್ನು ಕಾರ್ಖಾನೆಯ ಹಿರಿಯರು ಕರೆದು, ಕಾಲೇಜು ಹುಡುಗರಲ್ಲಿ ಒಳ್ಳೆಯ ಆಟಗಾರ ಯಾರೆಂದು ಪರೀಕ್ಷಿಸಿ ಹೇಳಬೇಕೆಂದರು. "ನನಗ ಆಟ ಬರೂದಿಲ್ರಿ" ಎಂದೆ. "ಇಷ್ಟ ಉದ್ದ ಇದ್ದು ಬರೂದಿಲ್ಲಂದ್ರ ಹ್ಯಾಂಗ್ರಿ ಪಾಟೀಲರ?" ಎಂದರು. ನನ್ನ ಉದ್ದದ ಮಾನ ಕಾಯಲು ಒಪ್ಪಿಕೊಂಡೆ.

ಆಗ ನಮ್ಮ ಭಾಗದ ಮೂರು ಕಾರ್ಖಾನೆಗಳಿಗೂ ತಂಡ ಕಟ್ಟುವ ಹುಚ್ಚು ಹಿಡಿದಿತ್ತು. ಕಬ್ಬು ಅರೆಯುವ ಹಂಗಾಮಿಗೆ ಮೊದಲೇ, ಕಾಲೇಜು ಮುಗಿಸಿದ ಆಟಗಾರರನ್ನು ನೌಕರಿಯ ಆಸೆ ತೋರಿಸಿ ಸೆಳೆಯುವುದು. ಒಬ್ಬನಿಗೇ ಮೂವರೂ ಗಂಟುಬಿದ್ದು ಜಗಳಗಳಾದ ಮೇಲೆ ಹಿರಿಯರು ಕೂತು ಒಂದು ಕರಾರು ಮಾಡಿದ್ದರು. ಎಲ್ಲ ಹುಡುಗರನ್ನೂ ಒಂದೇ ದಿನ ಆಡಿಸಿ ನೋಡುವುದು, ಆಮೇಲೆ ತಂಬಿಗೆಯಲ್ಲಿ ಚೀಟಿ ಹಾಕಿ ಎತ್ತುವುದು. ಚೀಟಿ ಬಂದ ಸರದಿಯಂತೆ ಕಾರ್ಖಾನೆಗೊಬ್ಬನನ್ನು ಆರಿಸಿಕೊಳ್ಳುವುದು. ಕನ್ಯಾಪರೀಕ್ಷೆಗಿಂತ ಎಷ್ಟೋ ಶಿಸ್ತಿನ ವ್ಯವಹಾರ.

ಆ ಭಾನುವಾರ ಬೆಳಿಗ್ಗೆ ಅಥಣಿಯ ಮೈದಾನಕ್ಕೆ ನಾನು ಟೇಪು, ಪೆನ್ನು, ಗೆರೆ ಹೊಡೆದ ಒಂದು ವಹಿ ಹಿಡಿದುಕೊಂಡು ಹೋದೆ. ಎತ್ತರ, ಓಟ, ಗುರಿ, ಚೆಂಡಿನ ಮೇಲಿನ ಆಸೆ, ಎಲ್ಲಕ್ಕೂ ಬೇರೆ ಬೇರೆ ಅಂಕ. ಆ ಕಾಲದ ಹುಡುಗರು ತಲೆಗೂದಲನ್ನು ಗುಡ್ಡದಂತೆ ಬೆಳೆಸುತ್ತಿದ್ದುದರಿಂದ, ಒಂದು ಕೊಡ ನೀರು ತರಿಸಿ ಎಲ್ಲರ ತಲೆ ತೋಯಿಸಿ ಅಳೆದೆ. ಇಬ್ಬರು ಅಲ್ಲಿಯೇ ಎರಡೆರಡು ಅಂಗುಲ ಇಳಿದುಹೋದರು. ಜೊತೆಗೆ ಬಂದಿದ್ದ ನಮ್ಮ ಡೈರೆಕ್ಟರ್ ಅಪ್ಪಾಸಾಹೇಬರು ಇದನ್ನೆಲ್ಲ ಗಿಡದ ನೆರಳಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದರು. ಅವರು ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಒಕ್ಕಲಿಗರು. ಎತ್ತು ಕೊಳ್ಳುವವರು ಹತ್ತು ಹಳ್ಳಿಯಿಂದ ಬಂದು, ಜೋಡಿ ನೋಡಿ ಹೇಳಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

ಹುಡುಗರಲ್ಲಿ ನನ್ನ ಕಣ್ಣಿಗೆ ಬಿದ್ದವನು ನಿಪ್ಪಾಣಿಯ ಸುಧಾಕರ. ನನಗಿಂತ ಒಂದಂಗುಲ ಹೆಚ್ಚೇ. ಬುಟ್ಟಿಯ ಕೆಳಗೆ ನಿಂತು ಎಸೆದರೆ ಚೆಂಡು ತಪ್ಪುತ್ತಲೇ ಇರಲಿಲ್ಲ. ಅವನೊಂದಿಗೆ ನಾಲ್ಕು ವರ್ಷ ಒಂದೇ ತಂಡದಲ್ಲಿ ಆಡಿದ ಕಬ್ಬೂರಿನ ಭೀಮಪ್ಪ ಮಾತ್ರ ಗಿಡ್ಡ, ಕಪ್ಪು, ಮೌನಿ. ಚೆಂಡು ಸಿಕ್ಕ ಕೂಡಲೇ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. "ಚೆಂಡಿನ ಮೇಲೆ ಆಸೆ: ಸೊನ್ನೆ" ಎಂದು ಬರೆದೆ. ಈ ವರ್ಷ ನೌಕರಿ ಸಿಗದಿದ್ದರೆ ಊರಿಗೆ ಬಂದು ಆಡು ಕಾಯಬೇಕೆಂದು ಅವನ ಅಪ್ಪ ಹೇಳಿದ್ದಾನಂತೆ. ಪಾಪ ಎನ್ನಿಸಿತು. ಆದರೆ ಪಾಪ ಎನ್ನುವುದಕ್ಕೆ ನನ್ನ ವಹಿಯಲ್ಲಿ ಮನೆ ಇರಲಿಲ್ಲ. ಅವನನ್ನೇ ಕರೆದು, "ಸುಧಾಕರ ಹ್ಯಾಂಗೋ?" ಎಂದು ಕೇಳಿದೆ. ಅವನು ಕಣ್ಣರಳಿಸಿ, "ಭಾರಿ ಅದಾನ್ರಿ ಸರ. ನಾ ಚೆಂಡ ಕೊಟ್ಟರ ಅವ ತಪ್ಪಸೂದಿಲ್ರಿ" ಎಂದ. "ಅವ ತಪ್ಪಸೂದಿಲ್ಲ" ಎಂಬುದನ್ನು ಬರೆದುಕೊಂಡೆ.

ಚೀಟಿಯಲ್ಲಿ ಮೊದಲ ಸರದಿ ನಮಗೇ ಬಂತು. ಅಪ್ಪಾಸಾಹೇಬರು ನನ್ನ ಕಿವಿಯಲ್ಲಿ ಮೆಲ್ಲಗೆ, "ಅವೆರಡೂ ಜೋಡಿ ಅದಾವ್ರಿ ಪಾಟೀಲರ. ಜೋಡಿ ಮುರದ್ರ ಎರಡೂ ಕೆಡ್ತಾವ. ಒಂದ ತಗೊಳ್ಳೂದಿದ್ರ ಆ ಗಿಡ್ಡನ್ನ ತಗೋರಿ" ಎಂದರು. ನಾನು ವಹಿ ಬಿಚ್ಚಿ ಅಂಕಗಳನ್ನು ತೋರಿಸಿದೆ. ಅವರು ಅದನ್ನು ಗೌರವದಿಂದ ನೋಡಿ, "ಆತ್ರಿ, ನೀವು ಓದಿದವರು" ಎಂದರು. ಸುಧಾಕರ ನಮ್ಮವನಾದ. ಎರಡನೆಯ ಕಾರ್ಖಾನೆ ಭೀಮಪ್ಪನನ್ನು ಆರು ತಿಂಗಳು ನೋಡಿ ಕಾಯಂ ಮಾಡುವ ಮಾತಿನ ಮೇಲೆ ಒಯ್ದಿತು.

ಆಮೇಲಿನ ಮೊದಲ ಪಂದ್ಯವೇ ಅವರಿಗೂ ನಮಗೂ ಬಿತ್ತು. ನಮ್ಮ ತಂಡದ ಫಿಟ್ಟರುಗಳೂ ಲಾರಿ ಡ್ರೈವರುಗಳೂ ಚೆಂಡು ಸಿಕ್ಕರೆ ಹೆಂಡತಿಗೂ ಕೊಡುವವರಲ್ಲ. ಸುಧಾಕರ ಬುಟ್ಟಿಯ ಕೆಳಗೆ ಬಸ್ಸಿಗೆ ಕಾಯುವವನಂತೆ ಒಂದು ಗಂಟೆ ನಿಂತ. ಜನರ ನೋಟ ಅವನನ್ನು ಬಿಟ್ಟು ನನ್ನ ಕಡೆ ತಿರುಗತೊಡಗಿತು. ನಾನು ಗುಂಪಿನಲ್ಲಿ ಬಗ್ಗಿ ಕೂತೆ; ಆದರೆ ನನ್ನಂಥವನು ಎಷ್ಟು ಬಗ್ಗಿದರೂ ಕಾಣುತ್ತಾನೆ. ಕೊನೆಯ ಗಳಿಗೆ, ಎರಡೂ ಕಡೆ ಸರಿಸಮ. ಚೆಂಡು ಭೀಮಪ್ಪನ ಕೈಯಲ್ಲಿತ್ತು. ಬೇಸತ್ತ ಸುಧಾಕರ ಹಳೆಯ ರೂಢಿಯಲ್ಲಿ ಕೈಯೆತ್ತಿ, ತನ್ನ ನಿಪ್ಪಾಣಿ ಮರಾಠಿಯಲ್ಲಿ ಚೆಂಡು ಕೇಳಿ ಕೂಗಿದ: "ಭೀಮ್ಯಾ, ದೇ ರೇ!"

ಭೀಮಪ್ಪ ಕೊಟ್ಟುಬಿಟ್ಟ.

ನಾಲ್ಕು ವರ್ಷದ ರೂಢಿ. ತಲೆಗೆ ತಿಳಿಯುವ ಮೊದಲೇ ಕೈ ಕೊಟ್ಟಿತ್ತು. ಸುಧಾಕರ ತಪ್ಪಿಸಲಿಲ್ಲ. ನಾವು ಗೆದ್ದೆವು. ಜನ ನನ್ನನ್ನೇ ಹೊತ್ತು ಕುಣಿದರು. ಅಲ್ಲಿಂದ ಕೆಳಗೆ ನೋಡಿದರೆ ಭೀಮಪ್ಪ ತನ್ನ ಎರಡೂ ಅಂಗೈಗಳನ್ನು ಯಾರವೋ ಎಂಬಂತೆ ನೋಡಿಕೊಳ್ಳುತ್ತ ನಿಂತಿದ್ದ. ಅವನ ಮ್ಯಾನೇಜರ್ ಎಲ್ಲರೆದುರೇ, "ನಾಳಿಂದ ಬರಬ್ಯಾಡ" ಎಂದುಬಿಟ್ಟಿದ್ದರು. ನನಗೆ ನಿಜವಾಗಿ ದುಃಖವಾಯಿತು, ನಾಚಿಕೆಯೂ ಆಯಿತು. ಕೆಳಗಿಳಿದವನೇ ಅಪ್ಪಾಸಾಹೇಬರ ಹತ್ತಿರ ಹೋಗಿ, "ತಪ್ಪು ನಂದ್ರಿ ಸಾಹೇಬ್ರ. ಆ ಹುಡುಗನ್ನ ಹ್ಯಾಂಗರ ಮಾಡಿ ತಗೋರಿ" ಎಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಆಗಳೇ ಹೇಳಿ ಕಳಸೀನ್ರಿ" ಎಂದರು. ಮರುವಾರ ಭೀಮಪ್ಪ ನಮ್ಮ ಟೈಮ್ ಆಫೀಸಿಗೇ ಬಂದು ನನ್ನ ಪಕ್ಕದ ಮೇಜಿಗೆ ಕೂತ.

ಅಷ್ಟರಲ್ಲಿ ಕಾರ್ಖಾನೆಯ ತುಂಬ ಬೇರೆಯೇ ಸುದ್ದಿ ಹಬ್ಬಿತ್ತು. ಭೀಮಪ್ಪನನ್ನು ಬೇಕೆಂದೇ ಎದುರಾಳಿಗೆ ಬಿಟ್ಟುಕೊಟ್ಟು ಪಂದ್ಯ ಗೆದ್ದಿದ್ದು ಪಾಟೀಲರ ತಲೆಯಂತೆ! ನಾನು ಒಂದೆರಡು ದಿನ ಅಲ್ಲ ಎಂದೆ. ಆಮೇಲೆ ಸುಮ್ಮನಿದ್ದೆ. ಆಮೇಲೆ, ಕೇಳಿದವರಿಗೆ ಮಾತ್ರ, ಸ್ವಲ್ಪ ವಿವರವಾಗಿ ಹೇಳತೊಡಗಿದೆ. ಹೇಳುತ್ತ ಎಲ್ಲಿಯಾದರೂ ತಡವರಿಸಿದರೆ ಪಕ್ಕದ ಮೇಜಿನಿಂದ ಭೀಮಪ್ಪ ತಲೆಯೆತ್ತದೆ, "ಹೌದ್ರಿ, ಸರ ಮೊದಲ ಹೇಳಿದ್ರು" ಎಂದು ಮಾತನ್ನು ನನ್ನ ಕೈಗೆ ಒದಗಿಸುತ್ತಾನೆ. ಕೊಟ್ಟುಬಿಡುವ ಚಟ ಅವನಿಗೆ ಇಂದಿಗೂ ಹೋಗಿಲ್ಲ. ತಪ್ಪಿಸದೆ ತೆಗೆದುಕೊಳ್ಳುವುದನ್ನು ಈಗ ನಾನೂ ಕಲಿತಿದ್ದೇನೆ.