ಕರುಳಿನ ಕೊಕ್ಕೆಗಳನ್ನು ಅರಸಿ ಮೂರು ತಾಲ್ಲೂಕು

ವಿದ್ಯೆಯು ಪ್ರಯೋಗಶಾಲೆಯಿಂದ ಹೊರಟು ಊರೊಳಗೆ ಕಾಲಿಟ್ಟಾಗಲೆಲ್ಲ ನಗೆಯ ಸಂಗತಿಗಳು ತಪ್ಪದೆ ಒದಗುತ್ತವೆ. ನನ್ನ ತಮ್ಮನ ಮಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಕುರಿತು ಸಂಶೋಧನೆ ಮಾಡುತ್ತಿದ್ದಾಳೆ. ಆ ಸೂಕ್ಷ್ಮಜೀವಿಗಳು ನಾವು ಉಂಡ ಆಹಾರದಲ್ಲಿನ ಕಬ್ಬಿಣವನ್ನು ಹಿಡಿಯಲು ಕೊಕ್ಕೆಯಂಥ ಅಣುಗಳನ್ನು ತಯಾರಿಸಿ ಹೊರಬಿಡುತ್ತವೆಯಂತೆ. ಅದಕ್ಕಾಗಿ ಮಂಡ್ಯ, ಮಳವಳ್ಳಿ, ಮದ್ದೂರು ತಾಲ್ಲೂಕುಗಳ ರಾಗಿಯುಣ್ಣುವವರ ಮಲದ ಮಾದರಿ ಬೇಕಾಗಿತ್ತು. ಒಂದು ತಾಲ್ಲೂಕು ತಪ್ಪಿದರೂ ಅವಳ ಪ್ರಬಂಧ ನಿಂತಂತೆಯೇ. ಹಳಗನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನು, ಜನ ನಂಬುವರೆಂಬ ಭರವಸೆಯಿಂದ ಜೊತೆಗೆ ಕರೆದೊಯ್ದಳು.

ಹೊಳಲು

ಮಂಡ್ಯ ತಾಲ್ಲೂಕಿನ ಈ ಊರಿನಲ್ಲಿ ರೈತರೊಬ್ಬರಿಗೆ ನಾನೇ ವಿವರಿಸತೊಡಗಿದೆ: “ಜಠರಾಂತರಾಳದಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಲೋಹಾಂಶವನ್ನು ಸೆಳೆಯಲೋಸುಗ…”

“ಮೇಷ್ಟ್ರೇ, ನೀವು ಕುಂತ್ಕಳಿ. ಮಗಳು ಯೋಳ್ಲಿ.”

ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ಮಾದರಿ ಕೊಡಲು ಒಪ್ಪಿದ ರೈತರು ಮೆಲ್ಲಗೆ ಕೇಳಿದರು: “ಟ್ರ್ಯಾಕ್ಟರಿನ ನಟ್ಟೊಂದು ಗದ್ದೆ ಕೆಸರಲ್ಲಿ ಬಿದ್ದೋಗದೆ ಕಣವ್ವ. ನಾಕು ಹುಳ ಅಲ್ಲಿ ಬುಟ್ರೆ ಹುಡುಕ್ಕೊಡ್ತವಾ?”

ಕಿರುಗಾವಲು

ಮಳವಳ್ಳಿ ತಾಲ್ಲೂಕಿನ ಈ ಊರಿನ ಅಂಗಡಿಯ ಯಜಮಾನರಿಗೆ ಬೇರೆಯೇ ಚಿಂತೆ. “ಉಣ್ಣೋನು ನಾನು, ಕಬ್ಬಿಣ ಹಿಡ್ಕೊಳ್ಳೋದು ಅವು. ಇದ್ಯಾವ ನ್ಯಾಯ?”

“ಅವು ಹಿಡಿದದ್ದರಲ್ಲಿ ನಿಮಗೂ ಪಾಲು ಸಿಗುವುದೇ ಎಂಬುದನ್ನೇ ನೋಡುತ್ತಿದ್ದೇನೆ” ಎಂದಳು ನಮ್ಮ ಹುಡುಗಿ.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಈವಯ್ಯನ ಮೈಯಾಗೆ ಗೇಯೋವು ಅವೊಂದೇ ಕಣವ್ವ, ಕಂಡು ಮಾತಾಡಿಸ್ಕೊಂಡು ಓಗು!”

ಬೆಸಗರಹಳ್ಳಿ

ಮದ್ದೂರು ತಾಲ್ಲೂಕಿನಲ್ಲಿ ಎಲ್ಲರೂ ಹಿಂಜರಿದು, ಕೊನೆಗೆ ಅಜ್ಜಿಯೊಬ್ಬರು ಮಾತ್ರ ಮಾದರಿ ತುಂಬಿಕೊಡಲು ನಾವಿತ್ತ ಡಬ್ಬಿಯನ್ನು ಇಸಿದುಕೊಂಡಿದ್ದರು. ಮರುದಿನ ಬೆಳಿಗ್ಗೆ ತುಂಬಿದ ಡಬ್ಬಿ ಕೈಗೆ ಬಂದಾಗ ಹುಡುಗಿಯ ಮುಖ ಅರಳಿತು. ಮುಚ್ಚಳ ತೆಗೆದಳು. ಒಳಗೆ ಎಳ್ಳುಂಡೆ!

“ಅಜ್ಜೀ, ಇದೇನು?”

“ಕೊಟ್ಟ ಡಬ್ಬಾನ ಬರೀದು ವಾಪಸ್ ಕೊಟ್ಟಾರಾ? ನಮ್ಮನೇಲಿ ಆ ಪದ್ದತಿ ಇಲ್ಲ ಕಣವ್ವ.”

“ನಾನು ಕೇಳಿದ್ದು?”

“ಅದ್ನ ತುಂಬ್ಕೊಟ್ರೆ ಮಾನ ಉಳಿದದಾ?”

ಹುಡುಗಿಯ ಕಣ್ಣು ತುಂಬಿತು. “ಇದೊಂದು ಸಿಗದಿದ್ದರೆ ಇಷ್ಟು ದಿನ ದುಡಿದದ್ದೆಲ್ಲ ವ್ಯರ್ಥ, ಅಜ್ಜಿ.”

ಅಜ್ಜಿ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಅಳಬ್ಯಾಡ, ತಾ ಇತ್ಲಾಗೆ” ಎಂದು ಹೊಸ ಡಬ್ಬಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಿಲಿಗೆ ನಡೆದರು. ನಾವು ಜಗಲಿಯಲ್ಲಿ ಎಳ್ಳುಂಡೆ ಮೆಲ್ಲುತ್ತ ಕಾದೆವು.

ಬಂದವರು ಡಬ್ಬಿಯನ್ನು ಅವಳ ಕೈಗಿತ್ತು, ಗಂಭೀರವಾಗಿ ನುಡಿದರು: “ಕೆಲಸ ಮುಗುದ್ ಮ್ಯಾಲೆ ಡಬ್ಬ ತಂದ್ಕೊಡವ್ವ. ಈ ಸರ್ತಿ ಬರೀದೇ ತಂದ್ರೂ ನಾನೇನೂ ಅನ್ಕೊಳ್ಳಾಕಿಲ್ಲ.”