ಇಪ್ಪತ್ತಮೂರನೆಯ ಸಾಲು

ಒಂದೇ ಹಾಡಿನ ಸುತ್ತ ಒಂದು ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಮನೆಯಲ್ಲಿ ನಡೆಯುತ್ತಲೇ ಇದೆ, ಹಾಡನ್ನು ಮನೆಗೆ ತಂದವರು ಹೋದ ಮೇಲೂ.

ಅದು ಅಮೆರಿಕದ ಕಪ್ಪು ಜನರ 'ಸೋಲ್' ಸಂಗೀತದ ಹಳೆಯ ಹಾಡು. ಗಾಳಿ, ಕಡಲು, ಮಣ್ಣು ಹೀಗೆ ಕೆಟ್ಟುಹೋದವಲ್ಲ ಎಂದು ಒಬ್ಬಾತ ಮೆತ್ತಗೆ ಮರುಗುತ್ತಾನೆ, ಯಾರನ್ನೂ ಬೈಯುವುದಿಲ್ಲ. ಅದನ್ನು ಬೇರೆಯವರು ಹಾಡಿದ, ನುಡಿಸಿದ ರೂಪಗಳನ್ನೆಲ್ಲ ನಮ್ಮ ಯಜಮಾನರು ಕೂಡಿಹಾಕುತ್ತಿದ್ದರು. ನಾನು ಗಣಿತದ ಟೀಚರ್, ಆದ್ದರಿಂದ ಪಟ್ಟಿ ನನ್ನ ಪಾಲಿಗೆ: ಕ್ರಮಸಂಖ್ಯೆ, ಯಾರದು, ಷರಾ. ಷರಾ ಅವರು ಹೇಳುವುದು, ನಾನು ಬರೆಯುವುದು. ಇಪ್ಪತ್ತೆರಡಾದ ಮೇಲೆ ಮುಂದಿನ ಸಾಲನ್ನು ಖಾಲಿ ಬಿಡಿಸಿದರು. "ಅದು ನಮ್ಮ ಕರ್ನಾಟಕದ ಕಡೆಯವರದು. ಬರುತ್ತದೆ, ಇರು," ಅಂದರು. ಕಳೆದ ವರ್ಷ ತೀರಿಕೊಂಡರು. ಆ ಸಾಲು ತುಂಬದೆ ಪಟ್ಟಿಯನ್ನು ಎತ್ತಿಡಲು ನನ್ನಿಂದ ಆಗಲಿಲ್ಲ.

ಮೇಲಿನ ಮನೆಯ ಕಾಕು

ಅವರಿದ್ದಾಗಿನ ಒಂದು ಭಾನುವಾರ. ಮೇಲಿನ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಇಳಿದು ಬಂದರು. "ಸರ್, ನಿಮ್ಮ ಮಷೀನ್ ಅಟಕಿದೆಯಾ? ಬೆಳಗಿನಿಂದ ಒಂದೇ ಹಾಡು."

"ಒಂದಲ್ಲ ಕಾಕು, ಏಳು," ಎಂದು ನಮ್ಮವರು ಅವರನ್ನು ಕೂರಿಸಿ ಮೊದಲಿನಿಂದ ಹಾಕಿದರು. ಬರೀ ಪಿಯಾನೋ, ಬರೀ ಸ್ಯಾಕ್ಸೋಫೋನ್, ಆಮೇಲೆ ಒಂದು ಚರ್ಚಿನ ಮೇಳ. ಮೇಳದ ಹೊತ್ತಿಗೆ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾಷೆ ತಿಳಿಯದ ಹಾಡಿಗೆ ಒಬ್ಬರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಏಳುವಾಗ ಹೇಳಿದರು: "ಎರಡನೆಯವನು ಜಾಸ್ತಿ ಅಳುತ್ತಾನೆ. ಮುಂದಿನ ಭಾನುವಾರ ಅವನನ್ನು ಬಿಡಿ."

ಅಂಕಿತ

ನಮ್ಮವರ ತಿಂಗಳ ತಿಥಿಗೆ ಥಾಣೆ ಊರಿನ ಕನ್ನಡ ಭಜನಾ ಮಂಡಳಿಯ ಹೆಂಗಸರು ಬಂದರು. ಹಾಡಲಿ ಎಂದು ಆ ಹಾಡಿನ ಅರ್ಥವನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ಮಂಡಳಿಯ ಹಿರಿಯರು ಕೊನೆಯ ಸಾಲಿನ ತನಕ ಓದಿ ಕನ್ನಡಕ ತೆಗೆದರು. "ಅಂಕಿತ ಎಲ್ಲಿ?"

"ಇದಕ್ಕೆ ಅಂಕಿತ ಇಲ್ಲಮ್ಮ. ಅಮೆರಿಕದ್ದು."

"ಅಂಕಿತ ಇಲ್ಲದ ಪದವನ್ನು ಮುಗಿಸುವುದು ಹೇಗೆ? ಯಾರ ಕಾಲಿಗೆ ತಂದು ಬಿಡುವುದು?"

ಮಂಡಳಿ ಮೂಲೆಯಲ್ಲಿ ಚರ್ಚಿಸಿ 'ಡೊಂಬಿವಲಿ ವಿಠಲ' ಎಂದು ಸೇರಿಸಿತು. ತಾಳ ಹಿಡಿದು, ನಿಧಾನವಾಗಿ, ಹದಿನಾಲ್ಕು ಜನ ಹಾಡಿದರು. ಆ ಹಾಡು ಯಾವಾಗಲೂ ನಮ್ಮ ಮನೆಯಲ್ಲೇ ಇದ್ದಂತೆ ಕೇಳಿಸಿತು. ನಾನು ಪಟ್ಟಿ, ಪೆನ್ನು ತಂದೆ.

ಹಿರಿಯರು ನನ್ನ ಕೈ ಹಿಡಿದರು. "ಈಗ ಇದು ನಮ್ಮ ಪದವೇ ಆಯಿತಲ್ಲ, ಟೀಚರ್. ನಕಲುಗಳ ಪಟ್ಟಿಗೆ ಯಾಕೆ ಹಾಕುತ್ತೀರಿ?"

ಸಾಲು ಖಾಲಿಯೇ ಉಳಿಯಿತು.

ಶಹಾಡಿನ ಬ್ಯಾಂಡು

ಈ ವರ್ಷ ಶಾಲೆಯಲ್ಲಿ ಪರಿಸರ ದಿನ. ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಂದೆ ಕಲಬುರಗಿಯವರು. ಹತ್ತಿರದ ಶಹಾಡಿನಲ್ಲಿ ಲೋಡಿಂಗ್ ಕೆಲಸ, ಲಗ್ನದ ಸೀಜನ್ನಿನಲ್ಲಿ ಬ್ಯಾಂಡ್ ಮಾಸ್ತರ್. "ನಮ್ಮವರ ಹಾಡು, ನುಡಿಸುತ್ತೀರಾ?" ಎಂದು ಮೊಬೈಲಿನಲ್ಲಿ ಕೇಳಿಸಿದೆ. ಎರಡು ಸಲ ಕೇಳಿ, ಸ್ಟಾಫ್ ರೂಮಿನಲ್ಲೇ ಕ್ಲಾರಿಯೋನೆಟ್ ಎತ್ತಿ ಪೂರ್ತಿ ನುಡಿಸಿದರು. ಮರುಗುವ ಕಡೆ ಅದೇ ಮರುಕ.

"ಒಂದು ತೊಂದ್ರಿ ಅದ ಅಕ್ಕೋರ. ನಿಂತು ನುಡಿಸಿ ರೂಢಿ ಇಲ್ರೀ. ಕಾಲು ನಡದ್ರನ ಉಸುರು ಬರ್ತದ."

ಅದಕ್ಕೆ ಮೈದಾನಕ್ಕೆ ಒಂದು ಸುತ್ತು ಬರುವುದೆಂದಾಯಿತು. ಅಂದು ಮುಖ್ಯ ಅತಿಥಿಗಳಾದ ನಿವೃತ್ತ ಇಂಜಿನಿಯರ್ ಸಾಹೇಬರಿಗೆ ಗೇಟಿನಲ್ಲಿ ತಲೆಗೆ ಕೇಸರಿ ಫೇಟಾ ಕಟ್ಟಿದೆವು. ಆರತಿ ತಟ್ಟೆ ಬರುವುದು ತಡವಾಯಿತು. ಫೇಟಾ ಕಂಡದ್ದೇ ತಡ, ಮದುಮಗ ಬಂದನೆಂಬಂತೆ ಬ್ಯಾಂಡು ಅವರ ಮುಂದೆ ಸಾಲಾಗಿ ನಿಂತು ಹಾಡು ಎತ್ತಿಕೊಂಡು ರಸ್ತೆಗೆ ಹೊರಟಿತು. ಸಾಹೇಬರು ಹಿಂದೆ ನಡೆದರು. ಅವರ ಹಿಂದೆ ಹೆಡ್‌ಮಿಸ್ಟ್ರೆಸ್, ಅವರ ಹಿಂದೆ ಇಡೀ ಶಾಲೆ. ದಾರಿಯಲ್ಲಿ ನಮ್ಮ ಬಿಲ್ಡಿಂಗಿನ ಬಾಲ್ಕನಿಯಿಂದ ಕಾಕು ಅಕ್ಷತೆ ಹಾಕಿದರು.

ರಸ್ತೆ ಮುಗಿಯುವುದು ಕಾರ್ಖಾನೆಗಳ ಕೊಳೆನೀರು ಹರಿಯುವ ನಾಲೆಯ ಅಂಚಿಗೆ. ಅಂದು ನೀರು ನೇರಳೆ ಬಣ್ಣ. ಮಕ್ಕಳ ಗಲಾಟೆ ತಾನಾಗಿ ನಿಂತಿತು. ನೀರಿನ ಮೇಲೆ ಆ ಹಾಡೊಂದೇ ಹೋಗುತ್ತಿತ್ತು. ಸಾಹೇಬರು ಫೇಟಾ ತೆಗೆದು ಎದೆಗೆ ಹಿಡಿದುಕೊಂಡರು.

ಹಾಡು ಮುಗಿಯಿತು, ಮತ್ತೆ ಶುರುವಾಯಿತು. ಮೂರನೆಯ ಸಲಕ್ಕೆ ಮಾಸ್ತರ್ ಕ್ಲಾರಿಯೋನೆಟ್ ಇಳಿಸಿ ನನ್ನ ಬಳಿ ಬಂದರು. ಹಿಂದಿನವರು ನುಡಿಸುತ್ತಲೇ ಇದ್ದರು.

"ಎದುರುಗೊಳ್ಳಾವ್ರು ಯಾರ್ರೀ? ಆರತಿ ಎತ್ತೂತನಕ ಬ್ಯಾಂಡ್ ನಿಲ್ಸಬಾರದ್ರೀ."

ಅಷ್ಟರಲ್ಲಿ ಶಾಲೆಯ ಆಯಾ ಮೌಶಿ ಆರತಿ ತಟ್ಟೆ ಹಿಡಿದು ಏದುಸಿರು ಬಿಡುತ್ತ ಬಂದಳು, ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ಒಂದು ವರ್ಷದಿಂದ ನಾನು ಇಂಥದ್ದರಲ್ಲೆಲ್ಲ ಹಿಂದಿನ ಸಾಲು.

"ನಾನು ಎತ್ತಬಾರದು. ನಮ್ಮವರು ಹೋಗಿದ್ದಾರೆ," ಅಂದೆ.

"ಹಾಡು ಅವರದ ಅಂದ್ರಲ್ಲ ಅಕ್ಕೋರ. ಮತ್ತ ನೀವಲ್ಲದ ಯಾರು ಎದುರುಗೊಳ್ಳಬೇಕು? ಲಗೂ ಎತ್ರಿ. ನಮ್ಮ ಟ್ರಂಪೆಟ್ಟಿನವನ ತುಟಿ ಬಾತದ."

ಎತ್ತಿದೆ. ಗಾಳಿಗೆ ದೀಪ ಆರಲಿಲ್ಲ. ಬ್ಯಾಂಡು ನಿಂತಿತು.

ಆ ನಿಶ್ಶಬ್ದದಲ್ಲಿ ಸಾಹೇಬರು ಫೇಟಾವನ್ನು ಮತ್ತೆ ತಲೆಗಿಟ್ಟು, ನನ್ನತ್ತ ಬಾಗಿ ಕೇಳಿದರು: "ಊಟ ಯಾವ ಕಡೆ?"

ಸಂಜೆ ಮನೆಗೆ ಬಂದು ಪಟ್ಟಿ ತೆಗೆದೆ. ಇಪ್ಪತ್ತಮೂರು. ಯಾರದು: ಶಹಾಡಿನ ಬ್ಯಾಂಡು. ಷರಾ ಹೇಳುವವರು ಇರಲಿಲ್ಲ. ಸ್ವಲ್ಪ ಹೊತ್ತು ಕಾದು ನಾನೇ ಬರೆದೆ: ಎಲ್ಲ ಇತ್ತು, ಊಟವೊಂದು ಇರಲಿಲ್ಲ.