ಹನ್ನೊಂದು ನಿಮಿಷದ ಮಂಜು

ಸೋಮಲಿಂಗಯ್ಯನವರು ಕಾಶಿಯ ಕನ್ನಡ ಛತ್ರಕ್ಕೆ ಬಂದ ಮೊದಲ ವಾರವೇ ಅಲ್ಲೇ ಇದ್ದ ಕಾವೇರಮ್ಮ ಅವರನ್ನು ಮಿಲಿಟರಿಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದ್ದರು. ಆಗ ಸೋಮಲಿಂಗಯ್ಯನವರು ಮಹಡಿಯ ಮೇಲೆ ನಿಂತು ಮೋಡ ನೋಡುತ್ತಿದ್ದರು. ಮೋಡ ನೋಡುವಾಗ ಅವರ ಬಾಯಿಂದ ಅರ್ಧ ಮಾತೇ ಹೊರಡುತ್ತಿದ್ದುದು. ‘ಆಕಾಶದ ಕೆಲಸ’ ಎಂದುಬಿಟ್ಟರು.

ಸಂಜೆಯೊಳಗೆ ಹನುಮಾನ್ ಘಾಟಿನ ಕನ್ನಡದವರಿಗೆಲ್ಲ ಅವರು ಪೈಲಟ್ ಆಗಿದ್ದರು. ಶಿವರಾತ್ರಿಯ ಹೊತ್ತಿಗೆ ಶತ್ರುವಿನ ಎರಡು ವಿಮಾನ ಉರುಳಿಸಿದ್ದರು, ದೀಪಾವಳಿಗೆ ಐದು.

ನಿಜವಾಗಿ ಅವರು ಇದ್ದದ್ದು ಹರಿಪುರ ವಾಯುನೆಲೆಯ ಹವಾಮಾನದ ಗುಡಿಸಲಿನಲ್ಲಿ. ಬಲೂನಿಗೆ ಗಾಳಿ ತುಂಬಿ ಮೇಲೆ ಬಿಡುವುದು, ಅದು ಹೋದ ದಾರಿ ನೋಡಿ ಗಾಳಿಯ ದಿಕ್ಕು ಬರೆಯುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ವಿಮಾನ ಹತ್ತಿದವರಲ್ಲ. ತಿದ್ದಬೇಕು ಎಂದು ಮೊದಮೊದಲು ಅಂದುಕೊಂಡರು, ನಾಚಿಕೆಯಾಯಿತು. ಆಮೇಲೆ ಅದು ಹಿತವಾಗತೊಡಗಿತು. ಸ್ನಾನಕ್ಕೆ ಇಳಿದರೆ ಅಜ್ಜಿಯರು ಮೆಟ್ಟಿಲು ಬಿಟ್ಟು ಸರಿಯುತ್ತಿದ್ದರು. ಮಧ್ಯಾಹ್ನದ ಜೊಂಪಿನಲ್ಲಿ ಅವರು ಎಷ್ಟೋ ಸಲ ಗಂಗೆಯ ಮೇಲೆ ವಿಮಾನ ಹಾರಿಸಿದ್ದರು. ಕೆಳಗೆ ದೋಣಿಗಳು ಎಲೆ ತೇಲಿದ ಹಾಗೆ ಕಾಣುತ್ತಿದ್ದವು.

ಎಪ್ಪತ್ತಾರರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಂಚೆ ಕಾರ್ಡು ಬಂತು. ಆ ಛತ್ರದಲ್ಲಿ ಕಾರ್ಡು ಎಂದರೆ ಎಲ್ಲರದ್ದು. ಛತ್ರ ನೋಡಿಕೊಳ್ಳುವ ಜಗದಾಂಬ ಮೊದಲು ಓದಿ, ಕಾವೇರಮ್ಮನಿಗೆ ಓದಿ ಹೇಳಿ, ಆಮೇಲೆ ಸೋಮಲಿಂಗಯ್ಯನವರಿಗೆ ಕೊಟ್ಟರು. ಹರಿಪುರದ ಹಳೆಯ ದಾಖಲೆಗಳೆಲ್ಲ ಪ್ರವಾಹದಲ್ಲಿ ಹೋಗಿವೆಯಂತೆ. ವಾಯುನೆಲೆಯ ಮತ್ತು ಅದರ ಕೊಕ್ಕರೆ ದಳವೆಂಬ ವಿಮಾನಪಡೆಯ ಚರಿತ್ರೆಯನ್ನು ಈಗ ಹೊಸದಾಗಿ ಬರೆಯುತ್ತಿದ್ದಾರಂತೆ. ಪಿಂಚಣಿ ಪಟ್ಟಿಯಲ್ಲಿ ಇವರ ಹೆಸರು ಮತ್ತು ವಿಳಾಸ ಮಾತ್ರ ಸಿಕ್ಕಿ, ಏನು ಕೆಲಸವೆಂದು ತಿಳಿಯದ್ದರಿಂದ, ಪ್ರಾಣೇಶ ಎಂಬ ಅಧಿಕಾರಿ ಇವತ್ತೇ ಹತ್ತು ಗಂಟೆಗೆ ಬಂದು ಕಾಣುತ್ತಾರಂತೆ.

ಜಗದಾಂಬ ಕೇಸರಿಬಾತಿಗೆ ರವೆ ಹುರಿಯತೊಡಗಿದರು. ಅಧಿಕಾರಿ ಛತ್ರದ ಹೊಸ್ತಿಲು ತುಳಿಯುವ ಮೊದಲೇ ನಿಜ ಹೇಳಿಬಿಡಬೇಕೆಂದು ಸೋಮಲಿಂಗಯ್ಯನವರು ಮಫ್ಲರ್ ಸುತ್ತಿಕೊಂಡು ಗೋದೌಲಿಯಾ ಚೌಕಕ್ಕೆ ಹೋಗಿ ನಿಂತರು. ಬರುವ ರಿಕ್ಷಾಗಳೆಲ್ಲ ಅದೇ ಚೌಕ ದಾಟಬೇಕು. ಆದರೆ ಅಲ್ಲಿ ಒಳ್ಳೆಯ ಮಂಜು ಬಿದ್ದಿತ್ತು. ಹಾಲಿನ ಕೆನೆ ಹಾಗೆ ನೆಲಕ್ಕೆ ದಪ್ಪ, ಮೇಲೆ ತೆಳು. ಪೂರ್ವದ ಗಾಳಿ ಬೀಸಿದರೆ ಇದು ಎಷ್ಟು ಹೊತ್ತಿಗೆ ಹರಿದೀತು ಎಂದು ಲೆಕ್ಕ ಹಾಕುತ್ತಾ ಅವರು ತಲೆಯೆತ್ತಿ ನಿಂತಿದ್ದಾಗ, ಅಧಿಕಾರಿಯ ರಿಕ್ಷಾ ಅವರ ಕಾಲ ಬೆರಳಿಗೆ ತಾಗುವ ಹಾಗೆ ದಾಟಿಹೋಯಿತು.

ಅವರು ಹಿಂದಿರುಗಿದಾಗ ಪ್ರಾಣೇಶ ಮಹಡಿಯ ಮೇಲೆ ಚೆಂಡುಹೂವಿನ ಹಾರ ಹಾಕಿಕೊಂಡು ಕೂತು ನೋಟುಪುಸ್ತಕದ ಆರನೆಯ ಪುಟ ತುಂಬಿಸುತ್ತಿದ್ದ. ಧಾರವಾಡದ ಕಡೆಯ ಹುಡುಗಮುಖದ ಅಧಿಕಾರಿ. ಕಾವೇರಮ್ಮ ನಾಲ್ಕನೆಯ ವಿಮಾನ ಉರುಳಿಸುವುದರಲ್ಲಿದ್ದರು.

ಇಲ್ಲಿ ನಿಜ ಹೇಳಲಾಗದು ಎಂದು ಸೋಮಲಿಂಗಯ್ಯನವರಿಗೆ ಅನ್ನಿಸಿತು. ಗಂಗೆಯಾಚೆಯ ರಾಮನಗರದ ಕೋಟೆ ತೋರಿಸುತ್ತೇನೆ ಎಂದು ಅವನನ್ನು ಎಬ್ಬಿಸಿ ದೋಣಿ ಹತ್ತಿಸಿದರು. ಅಲ್ಲಿನ ಪೇಟೆಯಲ್ಲಿ ಎಳೆ ಬದನೆಕಾಯಿ ಸಿಗುತ್ತದೆ ಎಂದು ಹೆಂಗಸರಿಬ್ಬರೂ ಹಿಂದೆಯೇ ಹತ್ತಿದರು.

ನದಿಯ ಮೇಲೆ ಮಂಜು ಇನ್ನೂ ಇತ್ತು. ಘಾಟಿನ ಮೆಟ್ಟಿಲು ಕರಗಿದವು, ಗುಡಿಗಳು ಕರಗಿದವು, ಹುಟ್ಟಿನ ಸದ್ದೊಂದೇ ಉಳಿಯಿತು. ಪ್ರಾಣೇಶ ತಾನು ಈವರೆಗೆ ಕೂಡಿಸಿದ್ದನ್ನು ಓದಿದ. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಗ್ಲಿಷರು ಗೋಧಿಹೊಲದ ಮೇಲೆ ಇಟ್ಟಿಗೆ ಹಾಸಿ ಮಾಡಿದ ರನ್‌ವೇ. ಅವರು ಹೋದ ಮೇಲೆ ಆರು ಹಳೆಯ ವಿಮಾನಗಳೊಂದಿಗೆ ಬಂದಿಳಿದ ಕೊಕ್ಕರೆ ದಳ. ವಿಮಾನ ಇಳಿಯುವ ಮೊದಲು ಸೈಕಲ್ಲಿನಲ್ಲಿ ಹೋಗಿ ಮೇಯಲು ಬಂದ ನೀಲಗಾಯಿ ಜಿಂಕೆಗಳನ್ನು ಓಡಿಸುತ್ತಿದ್ದ ಕಾವಲುಗಾರ. ಸೋಮಲಿಂಗಯ್ಯನವರು ಕಣ್ಣು ಮುಚ್ಚಿ ಕೇಳಿದರು. ಎಣ್ಣೆಯ ವಾಸನೆ, ಒದ್ದೆ ಹುಲ್ಲು, ಬೆರಳು ಬಿಟ್ಟು ಜಾರುವ ಬಲೂನಿನ ದಾರ, ಎಲ್ಲ ಅಲ್ಲೇ ಇದ್ದವು.

‘ನಾನು ಪೈಲಟ್ ಅಲ್ಲಪ್ಪ,’ ಎಂದರು. ‘ಬಲೂನು ಬಿಡ್ತಿದ್ದೆ.’

ಹುಟ್ಟು ಹಾಕುವವನೂ ನಿಲ್ಲಿಸಿದ. ಸೋಮಲಿಂಗಯ್ಯನವರು ಬಿಡದೆ ಹೇಳಿದರು. ಎಪ್ಪತ್ತೊಂದರ ಯುದ್ಧದಲ್ಲಿ, ಡಿಸೆಂಬರಿನ ಒಂದು ಮುಂಜಾನೆ ಹೊರಗೆ ಹೋಗಿದ್ದ ಎಂಟು ವಿಮಾನ ವಾಪಸು ಬಂದವು. ಕೆಳಗೆ ಇಂಥದೇ ಮಂಜು. ಇಂಧನ ಮುಗಿಯುತ್ತಿತ್ತು. ವಿಮಾನ ಬಿಟ್ಟು ಪ್ಯಾರಾಚೂಟಿನಲ್ಲಿ ಹಾರಿ ಎಂದು ಕಮಾಂಡರು ಹೇಳುವುದರಲ್ಲಿದ್ದರು. ಇವರು ಒಂದು ಬಲೂನು ಬಿಟ್ಟರು, ಬಿದಿರುಗೋಲಿನೆತ್ತರಕ್ಕೇ ಮಾಯವಾಯಿತು. ಇನ್ನೊಂದು ಬಿಟ್ಟರು, ಮಂಜು ತೆಳುವಾಗಿ ಮರದೆತ್ತರದವರೆಗೂ ಕಂಡಿತು. ಕೆನ್ನೆಗೆ ಪೂರ್ವದ ಗಾಳಿ ತಾಗಿತು. ಸುತ್ತು ಹೊಡೆಯುತ್ತಿರಲಿ, ಮಂಜು ಹರಿಯುತ್ತದೆ ಎಂದು ಕಮಾಂಡರಿಗೆ ಓಡಿ ಹೇಳಿದರು. ಹರಿಯಿತು. ಎಂಟೂ ಇಳಿದವು. ಬದುಕಿನಲ್ಲಿ ತಾವು ಮಾಡಿದ್ದು ಅದೊಂದೇ, ಅದನ್ನು ಬರೆದುಕೊ ಎಂದರು.

ಪ್ರಾಣೇಶ ಪೆನ್ನಿನ ಮುಚ್ಚಳ ಹಾಕಿದ. ಅವನ ಮುಖ ಸಪ್ಪಗಾಯಿತು.

‘ಸರ್, ಅದು ಲಿಂಗಪ್ಪನೋರು ಮಾಡಿದ್ದು,’ ಎಂದ. ‘ರನ್‌ವೇ ಪಕ್ಕ ಅವರ ಹೆಸರಿನ ಕಲ್ಲು ಐತಿ.’

ಲಿಂಗಪ್ಪ ಗುಡಿಸಲಿನಲ್ಲಿದ್ದ ಇನ್ನೊಬ್ಬ. ಆ ದಿನ ಜ್ವರ ಬಂದು ಬ್ಯಾರಕ್ಕಿನಲ್ಲಿ ಹೊದ್ದು ಮಲಗಿದ್ದ. ಅಳಿದುಳಿದ ಕಾಗದದಲ್ಲಿ ಹವಾಮಾನದವನೆಂದು ಅವನ ಹೆಸರೊಂದೇ ಸಿಕ್ಕಿತ್ತಂತೆ. ಕೇಳಿದಾಗ ಅವನೂ ಇಲ್ಲ ಎನ್ನಲಿಲ್ಲವಂತೆ.

‘ಐದು ವಿಮಾನ ಉರುಳಿಸಿದೋರು ನೀವು,’ ಎಂದರು ಕಾವೇರಮ್ಮ ಮೆಲ್ಲಗೆ. ‘ಆ ಬಡವ ಮಾಡಿದ್ದೊಂದು ನಿಮಗ್ಯಾಕೆ ಸೋಮಲಿಂಗಯ್ಯನೋರೆ?’

ಪ್ರಾಣೇಶ ಒಮ್ಮೆಲೆ ಅರಳಿದ. ಇಷ್ಟು ಖಚಿತವಾಗಿ ಗೊತ್ತಿರಬೇಕಾದರೆ ಸರ್ ಆ ಎಂಟರಲ್ಲಿ ಒಂದನ್ನು ಹಾರಿಸುತ್ತಿದ್ದಿರಬೇಕು, ಮೇಲಿನಿಂದ ಬಲೂನು ಕಂಡಿರಬೇಕು ಎಂದ. ಲಿಂಗಪ್ಪನವರಿಗೆ ಪದಕ ಕೊಡಿಸಲು ಬೇಕಾದ ಅರ್ಜಿ ಚೀಲದಲ್ಲೇ ಇತ್ತು. ಆ ಪೈಲಟ್‌ಗಳ ಹೆಸರೂ ಪ್ರವಾಹದಲ್ಲಿ ಹೋಗಿ, ಕಣ್ಣಾರೆ ಕಂಡ ಒಬ್ಬರ ಸಾಕ್ಷಿಯೂ ಸಿಗದೆ ಅದು ಎರಡು ವರ್ಷದಿಂದ ನಿಂತಿತ್ತು.

ಅರ್ಜಿಯ ಹಾಳೆ ಸೋಮಲಿಂಗಯ್ಯನವರ ಮಡಿಲಿಗೆ ಬಂತು. ಓದಿದರು. ಬಲೂನು ಬಿಳಿ ಎಂದಿತ್ತು, ಮಂಜು ಹತ್ತು ನಿಮಿಷದಲ್ಲಿ ಹರಿಯಿತು ಎಂದಿತ್ತು.

‘ಕೆಂಪು ಬಲೂನು,’ ಎಂದರು. ‘ಹನ್ನೊಂದು ನಿಮಿಷ.’

ಪ್ರಾಣೇಶ ಭಕ್ತಿಯಿಂದ ತಿದ್ದಿದ. ಗಾಳಿಯ ದಿಕ್ಕನ್ನೂ ಬರೆಸಿದರು, ಎರಡನೆಯ ಬಲೂನು ಕಂಡ ಎತ್ತರವನ್ನೂ ಬರೆಸಿದರು. ಈಗ ಆ ಮುಂಜಾನೆ ಕಾಗದದ ಮೇಲೆ ಇದ್ದ ಹಾಗೇ ಇತ್ತು, ಅವರೊಬ್ಬರನ್ನು ಬಿಟ್ಟು. ಪೆನ್ನು ತೆಗೆದುಕೊಂಡು ಸಹಿ ಮಾಡಿದರು.

‘ಕೆಳಗ ಪೈಲಟ್ ಅಂತ ಬರೀರಿ ಸರ್. ಇಲ್ಲಾಂದ್ರ ಸಾಕ್ಷಿ ನಿಲ್ಲೂದಿಲ್ಲ.’

ಸೋಮಲಿಂಗಯ್ಯನವರು ಒಂದು ಸಲ ಮೇಲೆ ನೋಡಿ, ಬರೆದರು. ಶಾಯಿ ಆರಲೆಂದು ಕಾವೇರಮ್ಮ ಹಾಳೆಯ ಮೇಲೆ ಉಫ್ ಎಂದು ಊದಿದರು.